ಟರ್ಕಿಯ ಕಾಡುತನ

ಉತ್ತರ ಅಮೆರಿಕದ ಕಾಡು ಟರ್ಕಿಯೂ ಅಲ್ಲಿನ ಫಾರ್ಮುಗಳಲ್ಲಿ ಮಾಂಸಕ್ಕಾಗಿ ಬೆಳೆಸುವ ಸಾಕು ಟರ್ಕಿಯೂ ‘ಮೆಲಿಯಾಗ್ರಿಸ್ ಗ್ಯಾಲೊಪಾವೊ’ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಆದರೆ ಒಂದರ ಜಾಗವನ್ನು ಇನ್ನೊಂದರಿಂದ ತುಂಬಲು ಹೋದ ಅಮೆರಿಕದ ವನ್ಯಜೀವಿ ಇಲಾಖೆಗಳು ಕೈಸುಟ್ಟುಕೊಂಡವು. ಮಿತಿಯಿಲ್ಲದ ಬೇಟೆ ಮತ್ತು ಕಾಡುನಾಶದಿಂದಾಗಿ 1930ರ ದಶಕದ ಹೊತ್ತಿಗೆ ಹಲವು ರಾಜ್ಯಗಳಲ್ಲಿ ಕಾಡು ಟರ್ಕಿ ಕಾಣೆಯಾಗಿತ್ತು. ಆಗ ಫಾರ್ಮುಗಳಲ್ಲಿ ಮರಿಮಾಡಿಸಿದ ಹಕ್ಕಿಗಳನ್ನು ಸಾವಿರಗಟ್ಟಲೆ ಕಾಡಿಗೆ ಬಿಟ್ಟರೂ ಅವು ಅಲ್ಲಿ ನೆಲೆಯೂರಲಿಲ್ಲ.

ಈ ಸೋಲಿನ ಮೂಲವನ್ನು ಬಗೆದು ನೋಡಿದವರು ಜೀವವಿಜ್ಞಾನಿ ಎ. ಸ್ಟಾರ್ಕರ್ ಲಿಯೊಪೋಲ್ಡ್. ಮಿಸೌರಿ ರಾಜ್ಯದಲ್ಲಿ ಕಾಡು, ಸಾಕು ಹಾಗೂ ಮಿಶ್ರತಳಿಯ ಟರ್ಕಿಗಳನ್ನು ಹೋಲಿಸಿ 1944ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡುತನವೆಂಬುದು ತಾಯಿಯಿಂದ ಕಲಿತು ಬರುವ ಅಭ್ಯಾಸ ಮಾತ್ರವಲ್ಲ, ವಂಶವಾಹಿಯಾಗಿ ಬರುವ ಗುಣವೂ ಹೌದು ಎಂದು ಅವರು ತೋರಿಸಿದರು. ಕಾಡು ಹಕ್ಕಿಯ ಮಿದುಳು ದೊಡ್ಡದಾಗಿತ್ತು. ಅಪಾಯದ ಗಳಿಗೆಯಲ್ಲಿ ದೇಹವನ್ನು ಸಜ್ಜುಗೊಳಿಸುವ ಹಾರ್ಮೋನುಗಳನ್ನು ಸ್ರವಿಸುವ ಅಡ್ರಿನಲ್ ಗ್ರಂಥಿ ಮತ್ತು ಅದನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಗಳೂ ದೊಡ್ಡವಾಗಿದ್ದವು. ತಾಯಿ ಎಚ್ಚರಿಕೆಯ ಕೂಗು ಹಾಕಿದೊಡನೆ ಕಾಡು ಟರ್ಕಿಯ ಮರಿಗಳು ಇದ್ದಲ್ಲೇ ನೆಲಕ್ಕಂಟಿ, ಒಣಗಿದ ಎಲೆಗಳ ನಡುವೆ ಕಣ್ಣಿಗೆ ಬೀಳದಂತೆ ಅಲುಗದೆ ಕುಳಿತುಬಿಡುತ್ತವೆ. ಸಾಕಿದ ರಕ್ತ ಬೆರೆತ ಮರಿಗಳಲ್ಲಿ ಈ ಚುರುಕು ಕಡಿಮೆ. ಗಿಡುಗ ಎರಗುವ ಕಾಡಿನಲ್ಲಿ ಅಷ್ಟು ತಡವೇ ಸಾಕು.

ಮೈಕಟ್ಟಿನ ಅಂತರವಂತೂ ಎದ್ದು ಕಾಣುತ್ತದೆ. ಕಾಡಿನ ಗಂಡು ಸಾಮಾನ್ಯವಾಗಿ 11 ಕೆ.ಜಿ. ಮೀರುವುದಿಲ್ಲ, ಅದು ವೇಗವಾಗಿ ಓಡಬಲ್ಲದು, ಸ್ವಲ್ಪ ದೂರ ರಭಸದಿಂದ ಹಾರಬಲ್ಲದು, ಸಂಜೆಯಾದೊಡನೆ ಮರವೇರಿ ನಿದ್ರಿಸುತ್ತದೆ. ‘ಬ್ರಾಡ್ ಬ್ರೆಸ್ಟೆಡ್ ವೈಟ್’ ಎಂಬ ಫಾರ್ಮು ತಳಿಯ ಗಂಡಾದರೋ ಸುಮಾರು 20 ವಾರಗಳಲ್ಲೇ 18 ಕೆ.ಜಿ.ಯಷ್ಟಾಗಿ, ಎದೆಯ ಭಾರಕ್ಕೆ ಹಾರಲಾಗದೆ, ಸಹಜವಾಗಿ ಕೂಡಲೂ ಆಗದೆ ಉಳಿಯುವುದರಿಂದ ಅದರ ಸಂತಾನವೆಲ್ಲ ಕೃತಕ ಗರ್ಭಧಾರಣೆಯನ್ನೇ ನೆಚ್ಚಿದೆ. ಪುಕ್ಕ ಕಿತ್ತ ಚರ್ಮದ ಮೇಲೆ ಕಪ್ಪು ಚುಕ್ಕೆ ಉಳಿಯಬಾರದೆಂದು ಗರಿಯನ್ನೂ ಬಿಳಿಯಾಗಿಸಲಾಗಿದೆ.

ಅಮೆರಿಕದ ಪೂರ್ವಭಾಗದ ಕಾಡು ಟರ್ಕಿಯ ಬಾಲದಂಚು ಕಂದು ಬಣ್ಣದ್ದಾದರೆ, ಹಳೆಯ ಸಾಕುತಳಿಯಾದ ಬ್ರಾಂಜ್‌ನದು ಬಿಳಿ. ಸಾಕು ಟರ್ಕಿಯ ಪೂರ್ವಜರು ಪ್ರಾಚೀನ ಮೆಕ್ಸಿಕೊದವರು ಪಳಗಿಸಿದ ದಕ್ಷಿಣದ ಉಪಪ್ರಭೇದಕ್ಕೆ ಸೇರಿದವರೆಂಬುದಕ್ಕೆ ಇದೊಂದು ಗುರುತು. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಮುಂದೆ ವಲಸೆಗಾರರೊಂದಿಗೆ ಅದು ಮತ್ತೆ ಅಟ್ಲಾಂಟಿಕ್ ದಾಟಿ ತನ್ನ ಕಾಡು ಬಂಧುಗಳ ನಾಡಿಗೇ ಬಂತು. ಪೋರ್ಚುಗೀಸರ ಗೋವೆಯಿಂದ 1612ರಲ್ಲಿ ಜಹಾಂಗೀರನ ಆಸ್ಥಾನ ಸೇರಿದ ಟರ್ಕಿಯೊಂದನ್ನು ಚಿತ್ರಕಾರ ಮನ್ಸೂರ್ ಚಿತ್ರಿಸಿದ್ದೂ ಈ ಪಯಣದ ಒಂದು ಕವಲು.

ಕೊನೆಗೆ ಕಾಡು ಟರ್ಕಿಯನ್ನು ಉಳಿಸಿದ್ದು ಕಾಡು ಟರ್ಕಿಯೇ. ಸಿಡಿಮದ್ದಿನ ಬಲದಿಂದ ಹಕ್ಕಿಗಳ ಮೇಲೆ ಕ್ಷಣಾರ್ಧದಲ್ಲಿ ಬೀಸಿಬೀಳುವ ಬಲೆಯನ್ನು 1951ರಲ್ಲಿ ಸೌತ್ ಕೆರೊಲಿನಾದಲ್ಲಿ ಟರ್ಕಿಗಳಿಗೆ ಬಳಸಿದ ಮೇಲೆ, ಕಾಡಿನಲ್ಲೇ ಹುಟ್ಟಿದವನ್ನು ಹಿಂಡಾಗಿ ಹಿಡಿದು ಬರಿದಾದ ಕಾಡುಗಳಿಗೆ ಸಾಗಿಸುವುದು ಸಾಧ್ಯವಾಯಿತು. 1973ರ ವೇಳೆಗೆ ಅವುಗಳ ಸಂಖ್ಯೆ ಸುಮಾರು 13 ಲಕ್ಷಕ್ಕೇರಿ, ಆಮೇಲೆ ಇನ್ನೂ ಹಲವು ಪಟ್ಟು ಬೆಳೆಯಿತು. ರೋಗ ಹರಡುವ, ತಳಿ ಬೆರೆಯುವ ಭಯದಿಂದ ಹಲವು ರಾಜ್ಯಗಳು ಫಾರ್ಮಿನ ಟರ್ಕಿಯನ್ನು ಕಾಡಿಗೆ ಬಿಡುವುದನ್ನೇ ಕಾನೂನಿನಿಂದ ತಡೆದಿವೆ.