‘ಬಾಸ್’ ಎಂಬ ಬಿರುದು

ವಿಜಯನಗರದ ಬಸ್ ನಿಲ್ದಾಣದಲ್ಲಿ ‘ಸ್ವಲ್ಪ ಜಾಗ ಬಿಡಿ ಬಾಸ್’ ಎಂಬ ಮಾತು ನನ್ನ ಕಿವಿಗೆ ಬೀಳದ ದಿನವಿಲ್ಲ. ಕಚೇರಿಯಲ್ಲಿ ಮೇಲಧಿಕಾರಿಗೆ ಬೆನ್ನ ಹಿಂದೆ ಸಲ್ಲುವ ಹೆಸರು ಬೀದಿಯಲ್ಲಿ ಅಪರಿಚಿತನಿಗೆ ಎದುರಿಗೇ ಸಲ್ಲುತ್ತದೆ.

ಇದು ಇಂಗ್ಲಿಷಿನ ಸ್ವಂತ ಸೊತ್ತಲ್ಲ. 1620ರ ದಶಕದಲ್ಲಿ ಈಗಿನ ನ್ಯೂಯಾರ್ಕಿನಲ್ಲಿ ನೆಲಸಿದ ಡಚ್ಚರ ಮಾತು, ಅರ್ಥ, ಯಜಮಾನ. 19ನೆಯ ಶತಮಾನದಲ್ಲಿ ಅಮೆರಿಕದ ಬಿಳಿಯ ಕೂಲಿಕಾರರು, ಗುಲಾಮಗಿರಿಯನ್ನು ನೆನಪಿಸುವ ‘ಮಾಸ್ಟರ್’ ಶಬ್ದವನ್ನು ಉಚ್ಚರಿಸಲೊಲ್ಲದೆ ಇದನ್ನು ಹಿಡಿದರು. ಮಾನ ಕಾಯಲು ತಂದ ಎರವಲು!

ನಮ್ಮ ‘ಗುರು’ವಿನ ಪಾಡೂ ಇದೇ. ಸಂಸ್ಕೃತದಲ್ಲಿ ಭಾರವಾದುದು, ಪೂಜ್ಯನಾದವನು. ರಾಜಾಜಿನಗರದ ಬೀದಿಯಲ್ಲಿ ಬರಿಯ ಗೆಳೆಯ. ಗೌರವ ಅಗ್ಗವಾಯಿತೆಂದು ಪಂಡಿತರು ನೊಂದಾರು. ನನಗೆ ಹಾಗೆನಿಸದು. ಒಡೆಯನ ಹೆಸರನ್ನು ಎಲ್ಲರಿಗೂ ಹಂಚಿದ ಮೇಲೆ, ಮಾತಿನಲ್ಲಾದರೂ ಆಳೆಂಬವನು ಉಳಿಯುವುದಿಲ್ಲವಷ್ಟೆ.