ಹಿಂದೆ ನಿಂತ ಆಟಗಾರ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲಾಗದಂತೆ ತಡೆದವನ ಹೆಸರು ಬರುವುದು ಅಪರೂಪ. ಅವನು ತಡೆಯಲಾರದೆ ಹೋದ ದಿನ ಮಾತ್ರ ಅದು ತಪ್ಪದೆ ಬರುತ್ತದೆ. ನಮ್ಮ ಕಾಲೇಜಿನ ಮೈದಾನದಲ್ಲಿಯೂ ಸಂಜೆ ತಂಡ ಕಟ್ಟುವಾಗ ಎಲ್ಲರಿಗೂ ಮುಂದಿನ ಸಾಲೇ ಬೇಕು. 'ನೀನು ಬ್ಯಾಕ್ ನಿಲ್ಲು' ಎಂದರೆ ಮುಖ ಸಣ್ಣದಾಗುತ್ತದೆ. ಹಾಗೆ ಮುಖ ಸಣ್ಣದು ಮಾಡಿಕೊಂಡವರಲ್ಲಿ ಈ ಲೇಖಕನೂ ಒಬ್ಬ. ಆದುದರಿಂದಲೇ, ಇಪ್ಪತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಂತೇ ಕೀರ್ತಿವಂತನಾದ ಇಂಗ್ಲೆಂಡಿನ ಜಾಕ್ ಚಾರ್ಲ್ಟನ್ನನ ಕ್ರೀಡಾಜೀವನವನ್ನು ವಾಚಕರ ಮುಂದಿಡಬೇಕೆನಿಸಿತು.

ಜಾಕ್ ಹುಟ್ಟಿದ್ದು 1935ರ ಮೇ 8ರಂದು, ಇಂಗ್ಲೆಂಡಿನ ಉತ್ತರದ ಆಷಿಂಗ್‌ಟನ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ. ತಂದೆ ಗಣಿಯ ಕೆಲಸಗಾರ. ಅವನಿಗೆ ಕಾಲ್ಚೆಂಡಾಟದಲ್ಲಿ ಆಸಕ್ತಿಯಿರಲಿಲ್ಲ. ಆಟದ ಹುಚ್ಚು ಬಂದದ್ದು ತಾಯಿಯ ಕಡೆಯಿಂದ. ನಾಲ್ವರು ಸೋದರಮಾವಂದಿರೂ ವೃತ್ತಿ ಆಟಗಾರರು. ತಾಯಿ ಸಿಸ್ಸಿ ತಾನೇ ಮಕ್ಕಳೊಡನೆ ಚೆಂಡಾಡುತ್ತಿದ್ದಳು. ಆದರೆ ಊರಿನ ಕಣ್ಣೆಲ್ಲ ಬಿದ್ದದ್ದು ಜಾಕನ ಮೇಲಲ್ಲ, ಅವನಿಗಿಂತ ಎರಡು ವರ್ಷ ಕಿರಿಯನಾದ ತಮ್ಮ ಬಾಬಿಯ ಮೇಲೆ. ಮುಂದೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ ಜಗತ್ಪ್ರಸಿದ್ಧನಾದ ಬಾಬಿ ಚಾರ್ಲ್ಟನ್ ಅವನೇ. ಪ್ರತಿಭಾವಂತ ತಮ್ಮನಿಗೆ ಅಣ್ಣನಾಗಿ ಬೆಳೆಯುವುದು ಎಷ್ಟು ಕಷ್ಟವೆಂಬುದನ್ನು ಅಂಥ ಮನೆಯವರೇ ಬಲ್ಲರು.

ಹದಿನೈದನೆಯ ವಯಸ್ಸಿನಲ್ಲಿ ಲೀಡ್ಸ್ ಯುನೈಟೆಡ್ ತಂಡ ಜಾಕನನ್ನು ಪರೀಕ್ಷೆಗೆ ಕರೆಯಿತು. ಅವನು ಒಪ್ಪದೆ, ತಂದೆಯಂತೆ ಗಣಿಗೆ ಇಳಿದ. ನೆಲದೊಳಗಿನ ಆ ದುಡಿಮೆ ಎಂಥದೆಂದು ಸ್ವಲ್ಪ ಕಾಲದಲ್ಲೇ ತಿಳಿಯಿತು. ಕೆಲಸ ಬಿಟ್ಟು ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದ. ಪೊಲೀಸ್ ಸಂದರ್ಶನವೂ ಲೀಡ್ಸ್ ತಂಡದ ಪರೀಕ್ಷೆಯ ಆಟವೂ ಒಂದೇ ದಿನ ಬಿದ್ದವು. ಜಾಕ್ ಆಟಕ್ಕೆ ಹೋದ. 1953ರಲ್ಲಿ ಮೊದಲ ತಂಡದಲ್ಲಿ ಅವನಿಗೆ ಅವಕಾಶ ಸಿಕ್ಕಿತು.

ಅವನ ಸ್ಥಾನ ಸೆಂಟರ್ ಹಾಫ್. ಗೋಲಿನ ನೇರ ಮುಂದೆ ನಿಂತು, ಎದುರಾಳಿಯ ಸೆಂಟರ್ ಫಾರ್ವರ್ಡನನ್ನು ಕಾಯುವುದೂ ಎತ್ತರದಿಂದ ಬರುವ ಚೆಂಡನ್ನು ತಲೆಯಿಂದ ಹೊಡೆದು ದೂರ ಕಳಿಸುವುದೂ ಅಲ್ಲಿ ನಿಂತವನ ಕೆಲಸ. ನೀಳವಾದ ಮೈಕಟ್ಟಿನ, ಉದ್ದ ಕತ್ತಿನ ಜಾಕನಿಗೆ ಅದು ಒಪ್ಪುವ ಸ್ಥಾನವೇ. ಆದರೆ ಮೊದಲ ಎಂಟುಹತ್ತು ವರ್ಷ ಅವನ ಆಟ ಒರಟಾಗಿತ್ತು, ನಾಲಗೆ ಅದಕ್ಕಿಂತ ಒರಟು. ಬೇಕಾದವರೊಡನೆ ಬೇಡಾದವರೊಡನೆ ಜಗಳವಾಡುತ್ತಿದ್ದ. ಜೊತೆಯ ಆಟಗಾರನಾಗಿದ್ದ ಡಾನ್ ರೆವೀ ಒಮ್ಮೆ, 'ನಾನು ಮ್ಯಾನೇಜರ್ ಆಗಿದ್ದರೆ ನಿನ್ನನ್ನು ಆಡಿಸುತ್ತಿರಲಿಲ್ಲ' ಎಂಬರ್ಥದ ಮಾತನ್ನಾಡಿದ್ದನೆಂದು ಜಾಕನೇ ಮುಂದೆ ಹೇಳಿಕೊಂಡಿದ್ದಾನೆ. 1961ರಲ್ಲಿ ಅದೇ ರೆವೀ ಲೀಡ್ಸ್ ತಂಡಕ್ಕೆ ಮ್ಯಾನೇಜರ್ ಆದ!

ಜಾಕನ ಜೀವನ ತಿರುಗಿದ್ದು ಇಲ್ಲಿ. ರೆವೀ ಅವನನ್ನು ಹೊರಗಟ್ಟಲಿಲ್ಲ, ತಿದ್ದಿದ. ಜಾಕನೂ ತಿದ್ದಿಕೊಂಡ. ತಾನು ಒಬ್ಬನೇ ಹೋಗಿ ಚೆಂಡು ಕಸಿಯುವುದಕ್ಕಿಂತ, ಹಿಂದಿನ ಸಾಲಿನ ನಾಲ್ವರೂ ಒಬ್ಬರ ತೆರವನ್ನು ಇನ್ನೊಬ್ಬರು ತುಂಬುವಂತೆ ನಿಲ್ಲುವುದೇ ರಕ್ಷಣೆಯೆಂಬುದನ್ನು ಅವನು ಅರಿತ. 1964ರಲ್ಲಿ ಲೀಡ್ಸ್ ಎರಡನೆಯ ವಿಭಾಗದಿಂದ ಮೊದಲ ವಿಭಾಗಕ್ಕೆ ಏರಿತು. 1965ರ ಏಪ್ರಿಲ್‌ನಲ್ಲಿ, ಮೂವತ್ತು ತುಂಬಲು ಒಂದು ತಿಂಗಳಿರುವಾಗ, ಜಾಕ್ ಮೊದಲ ಬಾರಿಗೆ ಇಂಗ್ಲೆಂಡಿನ ಪರವಾಗಿ ಆಡಿದ. ಅನೇಕ ಆಟಗಾರರು ನಿವೃತ್ತಿಯ ಯೋಚನೆಗೆ ತೊಡಗುವ ವಯಸ್ಸು ಅದು.

1966ರ ವಿಶ್ವಕಪ್ ಇಂಗ್ಲೆಂಡಿನಲ್ಲೇ ನಡೆಯಿತು. ಮೊದಲ ನಾಲ್ಕು ಪಂದ್ಯಗಳಲ್ಲಿ ಇಂಗ್ಲೆಂಡ್ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಗೋಲ್‌ಕೀಪರ್ ಬ್ಯಾಂಕ್ಸ್, ಅವನ ಮುಂದೆ ಕೋಹೆನ್, ಜಾಕ್, ಬಾಬಿ ಮೂರ್, ವಿಲ್ಸನ್. ಇದು ದಾಟಲಾಗದ ಗೋಡೆಯಾಯಿತು. ಪೋರ್ಚುಗಲ್ಲಿನ ಮೇಲಿನ ಸೆಮಿಫೈನಲ್ಲಿನಲ್ಲಿ ತಮ್ಮ ಬಾಬಿ ಎರಡು ಗೋಲು ಹೊಡೆದ. ಅಣ್ಣ ಜಾಕ್, ಗೋಲಿನೊಳಕ್ಕೆ ಹೋಗುತ್ತಿದ್ದ ಚೆಂಡನ್ನು ಕೈಯಿಂದ ತಡೆದು ಪೆನಾಲ್ಟಿಗೆ ಕಾರಣನಾದ. ಯುಸೇಬಿಯೊ ಗೋಲು ಹೊಡೆದ. ಇಂಗ್ಲೆಂಡ್ 2–1ರಿಂದ ಗೆದ್ದಿತು. ಪಶ್ಚಿಮ ಜರ್ಮನಿಯೊಡನೆ ಜುಲೈ 30ರಂದು ನಡೆದ ಫೈನಲ್ಲಿನಲ್ಲಿ ಇಂಗ್ಲೆಂಡ್ 2–1ರಿಂದ ಮುಂದಿತ್ತು. ಕೊನೆಯ ನಿಮಿಷದಲ್ಲಿ ಜಾಕ್ ತಪ್ಪೆಸಗಿದನೆಂದು ರೆಫರಿ ಫ್ರೀ ಕಿಕ್ ಕೊಟ್ಟ. ಅದರಿಂದಲೇ ವೇಬರ್ ಸಮಮಾಡಿದ. ಹೆಚ್ಚುವರಿ ಅವಧಿಯಲ್ಲಿ ಹರ್ಸ್ಟ್ ಇನ್ನೆರಡು ಗೋಲು ಹೊಡೆಯದಿದ್ದರೆ ಆ ಒಂದು ಫ್ರೀ ಕಿಕ್ ಜಾಕನ ಬೆನ್ನನ್ನು ಸಾಯುವವರೆಗೂ ಬಿಡುತ್ತಿರಲಿಲ್ಲ. ಆಟ 4–2ರಿಂದ ಮುಗಿದಾಗ ಜಾಕ್ ಮೈದಾನದಲ್ಲೇ ಮೊಣಕಾಲೂರಿ ಕುಸಿದ. ಹಿಂದೆ ನಿಂತವನಿಗೆ ಗೆಲುವು ಮೊದಲು ಬಿಡುಗಡೆಯಾಗಿ ಬರುತ್ತದೆ, ಸಂತೋಷವಾಗಿ ಬರುವುದು ಆಮೇಲೆ.

ಇಂಗ್ಲೆಂಡಿನ ವರ್ಷದ ಆಟಗಾರನೆಂಬ ಪ್ರಶಸ್ತಿ 1966ರಲ್ಲಿ ತಮ್ಮನಿಗೂ 1967ರಲ್ಲಿ ಅಣ್ಣನಿಗೂ ಬಂದಿತು. 1968–69ರ ಲೀಗಿನಲ್ಲಿ ಲೀಡ್ಸ್ ಪ್ರಥಮ ಸ್ಥಾನ ಪಡೆಯಿತು. ಆ ವರ್ಷ 42 ಪಂದ್ಯಗಳಲ್ಲಿ ಅದು ಸೋತದ್ದು ಎರಡು. ಬಿಟ್ಟುಕೊಟ್ಟ ಗೋಲುಗಳು 26 ಮಾತ್ರ. ರಕ್ಷಕನ ದುಡಿಮೆಯ ಲೆಕ್ಕ ಎಲ್ಲಾದರೂ ಸಿಗುವುದಿದ್ದರೆ ಈ ಸಣ್ಣ ಅಂಕಿಯಲ್ಲಿ. 1972ರಲ್ಲಿ ಎಫ್.ಎ. ಕಪ್ ಕೂಡ ದೊರೆಯಿತು. 1973ರಲ್ಲಿ ನಿವೃತ್ತನಾಗುವವರೆಗೆ ಅವನು ಬೇರೊಂದು ಕ್ಲಬ್ಬಿಗೆ ಆಡಲಿಲ್ಲ. ಲೀಡ್ಸ್ ಪರವಾಗಿ ಲೀಗ್ ಪಂದ್ಯಗಳೇ 629. ಇಂಗ್ಲೆಂಡಿನ ಪರವಾಗಿ ಆಡಿದ್ದು 35. ಅನಂತರ ಐರ್ಲೆಂಡ್ ಗಣರಾಜ್ಯದ ತಂಡಕ್ಕೆ ಮ್ಯಾನೇಜರ್ ಆಗಿ, 1990ರಲ್ಲಿ ಅದನ್ನು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿಗೆ ಒಯ್ದ. ಇಂಗ್ಲೆಂಡಿನವನೊಬ್ಬನಿಗೆ ಐರಿಷ್ ಜನ ಗೌರವ ಪೌರತ್ವವನ್ನೇ ಕೊಟ್ಟರು.

ಇಷ್ಟಕ್ಕೆ ನಿಲ್ಲಿಸಿದರೆ ಇದು ಸುಖಾಂತವಾದ ಕಥೆ. ಆದರೆ ಇನ್ನೊಂದು ಮಾತು ಹೇಳಲೇಬೇಕು. ಜಾಕ್ 2020ರ ಜುಲೈ 10ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಮರೆವಿನ ರೋಗ ಅವನನ್ನು ಹಿಡಿದಿತ್ತು. 1966ರ ತಂಡದ ವಿಲ್ಸನ್, ಪೀಟರ್ಸ್, ಸ್ಟೈಲ್ಸ್, ಕೊನೆಗೆ 2023ರಲ್ಲಿ ತೀರಿಕೊಂಡ ಬಾಬಿ, ಇವರಿಗೂ ಅದೇ ರೋಗ ಬಂದಿತ್ತು. ಸ್ಕಾಟ್ಲೆಂಡಿನ ಹಿಂದಿನ ವೃತ್ತಿ ಆಟಗಾರರನ್ನು ಕುರಿತು ಗ್ಲಾಸ್ಗೋ ವಿಶ್ವವಿದ್ಯಾನಿಲಯದವರು ನಡೆಸಿದ ಸಂಶೋಧನೆಯ ಫಲ 2019ರಲ್ಲಿ ಪ್ರಕಟವಾಯಿತು: ಮಿದುಳು ಕ್ಷಯಿಸುವ ರೋಗಗಳಿಂದ ಸಾಯುವ ಸಂಭವ ಅವರಲ್ಲಿ ಇತರರಿಗಿಂತ ಸುಮಾರು ಮೂರೂವರೆ ಪಟ್ಟು. ಈ ಅಪಾಯ ರಕ್ಷಕರಲ್ಲೇ ಅತ್ಯಧಿಕವೆಂದು 2021ರಲ್ಲಿ ಅವರೇ ತೋರಿಸಿದರು. ಚೆಂಡನ್ನು ತಲೆಯಿಂದ ಹೊಡೆಯುವುದೇ ಇದಕ್ಕೆ ಕಾರಣವಿರಬಹುದೆಂಬ ಶಂಕೆ ಬಲವಾಗಿದೆ. ಜಾಕ್ ಒಬ್ಬನ ವಿಷಯದಲ್ಲಿ ಹೀಗೇ ಆಯಿತೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಆದರೆ ಗೋಲಾಗದೆ ಉಳಿದ ಚೆಂಡುಗಳಿಗೆ ಯಾರೋ ಬೆಲೆ ತೆತ್ತಿರುತ್ತಾರೆಂಬುದನ್ನು ಮರೆಯಬಾರದು.

ಮುಂದಿನ ಸಾಲಿಗೆ ಎಲ್ಲರೂ ನುಗ್ಗಿದರೆ ಗೋಲಿನ ಮುಂದೆ ನಿಲ್ಲುವವರಾರು? ಅಲ್ಲಿ ನಿಂತವನ ತಪ್ಪನ್ನು ಕಾಣಲು ನಮಗೆ ಕಣ್ಣು ಬೇಕಿಲ್ಲ. ಅದು ತಾನೇ ಕಾಣುತ್ತದೆ. ಅವನ ಕೆಲಸವನ್ನು ಕಾಣಲು ಮಾತ್ರ ಸ್ವಲ್ಪ ಕಣ್ಣರಳಿಸಬೇಕು. ಮುಂದಿನ ಪಂದ್ಯದಲ್ಲಿ ನಮ್ಮ ಕಾಲೇಜಿನ ಬ್ಯಾಕ್ ಆಟಗಾರರ ಕಡೆಗೂ ವಾಚಕ ಮಿತ್ರರು ಒಮ್ಮೆ ನೋಡುವರೆಂದು ನಂಬಿದ್ದೇನೆ.