ರಾಜನ ಬಗ್ಗೆ ಮಾತನಾಡಿದರೆ ಜೈಲು



ಬೋರ್‌ವೆಲ್ ಕೆಟ್ಟು ನಿಂತರೆ ನಾವು ಏನು ಮಾಡುತ್ತೇವೆ? ಪಂಚಾಯಿತಿಗೆ ಹೋಗುತ್ತೇವೆ. "ಇದೇನು ಸ್ವಾಮಿ, ಹೀಗಾದ್ರೆ ಹೇಗೆ?" ಅಂತ ಕೇಳುತ್ತೇವೆ. ಅಧ್ಯಕ್ಷರು ಮಾಡಿದ್ದು ಸರಿಯಿಲ್ಲ ಅಂತ ಹೇಳುತ್ತೇವೆ. ಮಂತ್ರಿಗಳು ಮಾಡಿದ್ದೂ ಸರಿಯಿಲ್ಲ ಅಂತ ಹೇಳುತ್ತೇವೆ. ಇದಕ್ಕೆ ಟೀಕೆ ಎನ್ನುತ್ತಾರೆ.

ಟೀಕೆ ಬೇರೆ, ಬೈಗುಳ ಬೇರೆ. ಆದರೆ ಎರಡನ್ನೂ ಒಂದೇ ಎಂದು ಕಾನೂನು ತಿಳಿದರೆ ಏನಾಗುತ್ತದೆ? ಥಾಯ್ಲೆಂಡ್ ದೇಶದ ಕಥೆ ಕೇಳೋಣ.

ನಮ್ಮ ದೇಶದ ಪೂರ್ವಕ್ಕೆ ಬರ್ಮಾ ಇದೆ. ಅದರ ಆಚೆ ಥಾಯ್ಲೆಂಡ್ ಇದೆ. ಬ್ಯಾಂಕಾಕ್ ಅದರ ರಾಜಧಾನಿ. ಅಲ್ಲಿಯ ಜನ ನಮ್ಮಂತೆಯೇ ಭತ್ತ ಬೆಳೆಯುತ್ತಾರೆ, ಅನ್ನ ಉಣ್ಣುತ್ತಾರೆ. ಅಲ್ಲಿ ಚುನಾವಣೆ ಇದೆ, ಪ್ರಧಾನಿ ಇದ್ದಾರೆ. ಜೊತೆಗೆ ರಾಜನೂ ಇದ್ದಾನೆ.

ಅಲ್ಲಿಯ ದಂಡಸಂಹಿತೆಯಲ್ಲಿ 112ನೇ ಕಲಂ ಇದೆ. ರಾಜ, ರಾಣಿ, ಯುವರಾಜ ಇವರಿಗೆ ಅವಮಾನ ಮಾಡಿದರೆ 3ರಿಂದ 15 ವರ್ಷ ಜೈಲು. ಒಂದು ಮಾತಿಗೆ ಒಂದು ಶಿಕ್ಷೆ. ಹತ್ತು ಮಾತಾದರೆ ಹತ್ತು ಶಿಕ್ಷೆ. ರಾಜನೇ ದೂರು ಕೊಡಬೇಕೆಂದಿಲ್ಲ. ಯಾರು ಬೇಕಾದರೂ ದೂರು ಕೊಡಬಹುದು. ಆಗದವರ ಮೇಲೆ ಹಗೆ ತೀರಿಸಿಕೊಳ್ಳಲೂ ಇದು ದಾರಿಯಾಗುತ್ತದೆ.

ಅಲ್ಲಿ ಒಬ್ಬ ಮಹಿಳೆ ಸರ್ಕಾರಿ ನೌಕರಿಯಲ್ಲಿದ್ದರು. ರಾಜಮನೆತನವನ್ನು ಟೀಕಿಸುವ ಧ್ವನಿಮುದ್ರಣಗಳನ್ನು ಅವರು ಇತರರಿಗೆ ಹಂಚಿದರು. ಮಾತು ಅವರದಲ್ಲ, ಹಂಚಿದ್ದು ಮಾತ್ರ. 2015ರಲ್ಲಿ ಅವರನ್ನು ಹಿಡಿದರು. 2021ರಲ್ಲಿ ತೀರ್ಪು ಬಂತು. ಹಂಚಿದ್ದು 29 ಸಲ, ಸಲಕ್ಕೆ 3 ವರ್ಷ. ಲೆಕ್ಕ ಹಾಕಿ ನೋಡಿ. ಒಟ್ಟು 87 ವರ್ಷ! ತಪ್ಪು ಒಪ್ಪಿಕೊಂಡರು ಅಂತ ಶಿಕ್ಷೆಯನ್ನು ಅರ್ಧ ಮಾಡಿದರು. ಆದರೂ 43 ವರ್ಷ 6 ತಿಂಗಳು ಉಳಿಯಿತು. ಆಗ ಅವರಿಗೆ 60 ದಾಟಿತ್ತು. 2025ರಲ್ಲಿ ರಾಜನ ಕ್ಷಮೆ ಸಿಕ್ಕಿ ಬಿಡುಗಡೆಯಾದರು. ಕಳೆದುಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

ಥಾಯ್ಲೆಂಡಿನ ಅನೇಕರಿಗೆ ರಾಜನೆಂದರೆ ತಂದೆಯ ಸಮಾನ. ಅವನ ಗೌರವ ಕಾಯಲು ಈ ಕಾನೂನು ಬೇಕು ಎಂದು ಅವರು ಹೇಳುತ್ತಾರೆ. ಗೌರವ ಕೊಡುವುದು ತಪ್ಪಲ್ಲ. ಆದರೆ ಹೆದರಿಸಿ ಪಡೆದದ್ದು ಗೌರವವೇ? ಹಿಂದಿನ ರಾಜ ಭೂಮಿಬೋಲ್ 2005ರಲ್ಲಿ ತಮ್ಮ ಹುಟ್ಟುಹಬ್ಬದ ಭಾಷಣದಲ್ಲಿ, ರಾಜನೂ ತಪ್ಪು ಮಾಡಬಹುದು, ರಾಜನನ್ನೂ ಟೀಕಿಸಬಹುದು ಎಂದಿದ್ದರು. ಕಾನೂನು ಮಾತ್ರ ಬದಲಾಗಲಿಲ್ಲ.

2023ರ ಚುನಾವಣೆಯಲ್ಲಿ ಒಂದು ಪಕ್ಷ ಈ ಕಾನೂನನ್ನು ತಿದ್ದುತ್ತೇವೆ ಎಂದಿತು. ಜನ ಆ ಪಕ್ಷಕ್ಕೇ ಅತಿ ಹೆಚ್ಚು ಸ್ಥಾನ ಕೊಟ್ಟರು. 2024ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ಪಕ್ಷವನ್ನೇ ರದ್ದು ಮಾಡಿತು.

ನಮ್ಮ ದೇಶವೂ ಇಂಥ ಕಾಲ ಕಂಡಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಬಾಲಗಂಗಾಧರ ತಿಲಕರು ಪತ್ರಿಕೆಯಲ್ಲಿ ಲೇಖನ ಬರೆದರು. ಅದು ರಾಜದ್ರೋಹ ಎಂದು 1908ರಲ್ಲಿ ಅವರಿಗೆ 6 ವರ್ಷ ಶಿಕ್ಷೆಯಾಯಿತು. ದೂರದ ಬರ್ಮಾದ ಮಂಡಾಲೆ ಜೈಲಿಗೆ ಅವರನ್ನು ಕಳಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನ 19ನೇ ವಿಧಿಯಲ್ಲಿ ಮಾತಿನ ಹಕ್ಕು ಕೊಟ್ಟಿತು. ಈ ಹಕ್ಕಿಗೂ ಮಿತಿ ಇದೆ. ಸುಳ್ಳು ಹೇಳಿ ಒಬ್ಬರ ಮಾನ ಕಳೆಯುವಂತಿಲ್ಲ. ಜನರನ್ನು ಹೊಡೆದಾಟಕ್ಕೆ ಎಬ್ಬಿಸುವಂತಿಲ್ಲ. ಆದರೆ ಆಳುವವರ ತಪ್ಪನ್ನು ತಪ್ಪು ಎನ್ನುವುದು ನಮ್ಮ ಹಕ್ಕು.

"ಹೆಂಗಸರಿಗೆ ಯಾಕೆ ಇದೆಲ್ಲ?" ಅಂತ ಕೆಲವರು ಕೇಳಬಹುದು. ನೀರು, ರೇಷನ್, ಶಾಲೆ, ಆಸ್ಪತ್ರೆ ಎಲ್ಲವೂ ನಮ್ಮ ಮಾತೇ ಅಲ್ಲವೇ? ಕೇಳುವ ಬಾಯಿ ಮುಚ್ಚಿದರೆ ಕಷ್ಟ ಯಾರಿಗೂ ಕಾಣುವುದಿಲ್ಲ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಸೇರಿ ಹೋಗೋಣ. ಅಂಜದೆ ಕೇಳೋಣ.